ಸಮುದ್ರ ಕಂಡುಬಂದಿರುವುದಿಲ್ಲ

ರಾಯಚೂರಿನ ಸ್ಟೇಷನ್ ಕಡೆಯ ಬಡಾವಣೆಯೊಂದರಲ್ಲಿ ಒಂದು ಓಣಿ ಇದೆ. ಯಾರ ಮನೆ ಎಲ್ಲಿ ಮುಗಿದು ಯಾರ ಮನೆ ಎಲ್ಲಿ ಶುರುವಾಗುತ್ತದೆಂಬುದು ಅಲ್ಲಿನವರಿಗೇ ಖಾತ್ರಿ ಇಲ್ಲ. ಒಬ್ಬರ ಗೋಡೆಗೆ ಇನ್ನೊಬ್ಬರು ತೊಲೆ ಇಟ್ಟಿದ್ದಾರೆ, ಒಬ್ಬರ ಮೆಟ್ಟಿಲು ರಸ್ತೆಗೆ ಇಳಿದಿದ್ದರೆ ಇನ್ನೊಬ್ಬರ ಬಚ್ಚಲು ಚರಂಡಿಯನ್ನೇ ದಾಟಿದೆ. ಇಂಥ ಓಣಿಯ ನಟ್ಟನಡುವೆ ಒಂದೇ ಒಂದು ಮನೆ ಸುತ್ತಲೂ ಜಾಗ ಬಿಟ್ಟುಕೊಂಡು ನಿಂತಿದೆ. ಮುಂದೆ ಹತ್ತು ಅಡಿ, ಹಿಂದೆ ಹತ್ತು ಅಡಿ, ಎರಡು ಮಗ್ಗುಲಿಗೆ ಐದೈದು ಅಡಿ ಬಿಟ್ಟು, ಉಳಿದದ್ದರಲ್ಲಿ ಮನೆ ಕಟ್ಟಿದ್ದರು. ಉಳಿದದ್ದು ಎಷ್ಟೆಂದರೆ, ನಾಲ್ಕು ಜನ ಒಟ್ಟಿಗೆ ಊಟಕ್ಕೆ ಕೂತರೆ ಬಡಿಸುವವರು ಹೊಸ್ತಿಲಾಚೆ ನಿಂತು ಬಡಿಸಬೇಕು.

ಅದು ನಮ್ಮ ಸಾಹೇಬರ ಮನೆ. ಓಣಿಯವರು ಮೊದಮೊದಲು ಚೆನ್ನಾಗಿ ನಕ್ಕರು. "ಏನ್ರೀ ಸಾಹೇಬ್ರ, ಇಡೀ ಪ್ಲಾಟ್ ಗಾಳಿಗಿ ಕೊಟ್ಟು ನೀವು ಮೂಲಿಗಿ ಕುಂತೀರಲ್ಲ" ಎಂದು ಪಕ್ಕದ ಮನೆಯ ಅಕ್ಕಿ ವ್ಯಾಪಾರಿ ಕೇಳಿದ್ದನಂತೆ. ಸಾಹೇಬರು ಶಾಂತವಾಗಿ, "ಕಾಯದೆದಾಗ ಬಿಡ್ರಿ ಅಂತ ಅದ, ಬಿಟ್ಟೀನಿ. ನೀವೂ ಬಿಡಬೇಕಾಗಿತ್ತು" ಎಂದರಂತೆ. ಅದೇ ವ್ಯಾಪಾರಿ ಎರಡು ವರ್ಷದ ನಂತರ ಮಗಳ ಮದುವೆಗೆ ಹಂದರ ಹಾಕಲು ಜಾಗ ಎಲ್ಲಿದೆಯೆಂದು ಹುಡುಕಿ, ಕೊನೆಗೆ ಸಾಹೇಬರ ಬಾಗಿಲಿಗೇ ಬಂದ. ಸಾಹೇಬರು ಇಲ್ಲ ಅನ್ನಲಿಲ್ಲ. ಲಿಖಿತ ಅರ್ಜಿ ಕೇಳಿದರು. ಅರ್ಜಿ ಬಂದ ಮೇಲೆ ಷರತ್ತುಗಳನ್ನು ಬರೆದು, ಕೆಳಗೆ ಸಹಿ ಮಾಡಿ, ಮಂಜೂರಾತಿ ಕೊಟ್ಟರು. ಆಮೇಲೆ ಓಣಿಯ ಪ್ರತಿ ಮದುವೆ, ಪ್ರತಿ ತೊಟ್ಟಿಲು, ಪ್ರತಿ ಸಾವೂ ಅದೇ ಜಾಗದಲ್ಲಿ ನಡೆದವು. ನಕ್ಕವರೆಲ್ಲ ಅರ್ಜಿ ಬರೆದರು.

ಹೋದ ತಿಂಗಳು ಅವರು ತೀರಿಕೊಂಡಾಗ ಹೆಣವನ್ನು ಆ ಮುಂದಿನ ಹತ್ತು ಅಡಿಯಲ್ಲೇ ಮಲಗಿಸಿದ್ದರು. ಓಣಿಗೆ ಓಣಿಯೇ ಬಂದು ಸುತ್ತಲೂ ನಿಂತಿತ್ತು, ಯಾರಿಗೂ ಇಕ್ಕಟ್ಟಾಗಲಿಲ್ಲ. ಅರ್ಜಿ ಇಲ್ಲದೆ ಆ ಜಾಗ ಬಳಕೆಯಾದದ್ದು ಬಹುಶಃ ಅದೇ ಮೊದಲು.

ನಾನು ಅವರ ಕೈಕೆಳಗೆ, ನಕ್ಷೆಗಳ ಪ್ರತಿ ತೆಗೆಯುವ ಟ್ರೇಸರ್ ಆಗಿ ಸೇರಿದ್ದು ಎಪ್ಪತ್ತರ ದಶಕದ ನಡುವೆ. ನಮ್ಮದು ದೇವದುರ್ಗದ ಕೇರಿ. ಕೇರಿಯಲ್ಲಿ ಮೆಟ್ರಿಕ್ ದಾಟಿ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಸಿಕ್ಕವರಲ್ಲಿ ನಾನು ಎರಡನೆಯವನು. ಕುರ್ಚಿ ಎಂದರೆ ಕುರ್ಚಿಯೇನಲ್ಲ, ನಕ್ಷೆ ಮೇಜಿನ ಮುಂದಿನ ಎತ್ತರದ ಸ್ಟೂಲು. ಹುದ್ದೆಯೂ ತಾತ್ಪೂರ್ತಿಕ. ಆರು ತಿಂಗಳಿಗೊಮ್ಮೆ ಮೇಲಿನಿಂದ ಕಾಗದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರುಗಳು ಮುಂದೆ ಹೇಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಮಿಲ್ಲು, ಎಲ್ಲಿ ಬಯಲು ಎಂದು ನಕ್ಷೆ ಮಾಡುವುದು ನಮ್ಮ ಕಚೇರಿಯ ಕೆಲಸ. ಮನೆಗೆ ಹಳದಿ, ಅಂಗಡಿಗೆ ನೀಲಿ, ಮಿಲ್ಲಿಗೆ ನೇರಳೆ, ಉದ್ಯಾನಕ್ಕೆ ಹಸಿರು. ನಾನು ಬಣ್ಣ ಹಚ್ಚುವವನು.

ಕಚೇರಿಯಲ್ಲಿ ಅವರಿಗೆ ದಿಲ್ಲಿ ಸಾಹೇಬರು ಎಂದು ಹೆಸರಿತ್ತು. ಅವರು ದಿಲ್ಲಿ ಕಂಡವರಲ್ಲ. ಮಾನ್ವಿ ಕಡೆಯ ಹಳ್ಳಿಯವರು, ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತು ಹೈದರಾಬಾದಿಗೆ ಹೋಗಿ ಓದಿದ್ದೇ ಅವರ ದೂರದ ಪಯಣ. ಹೆಸರು ಬಂದದ್ದು ಪುಸ್ತಕದಿಂದ. ಊರುಗಳನ್ನು ಯೋಜಿಸಲು ಇಡೀ ದೇಶಕ್ಕೆ ಅನ್ವಯಿಸುವ ಮಾನದಂಡಗಳ ಒಂದು ದಪ್ಪ ಪುಸ್ತಕ ದಿಲ್ಲಿಯಿಂದ ಬಂದಿತ್ತು. ಇಷ್ಟು ಜನಕ್ಕೆ ಇಷ್ಟು ಬಯಲು, ಇಷ್ಟು ಮನೆಗೆ ಇಷ್ಟು ಅಗಲದ ರಸ್ತೆ, ಮಿಲ್ಲಿಗೂ ಮನೆಗೂ ನಡುವೆ ಇಷ್ಟು ಅಂತರ, ಹೀಗೆ. ಬೇರೆ ಕಚೇರಿಗಳಲ್ಲಿ ಆ ಪುಸ್ತಕವನ್ನು ನಕ್ಷೆ ಸುರುಳಿ ಸುತ್ತಿಕೊಳ್ಳದಂತೆ ಮೇಲಿಡಲು ಬಳಸುತ್ತಿದ್ದರು. ಅದಕ್ಕೆ ಅದು ಬಹಳ ಚೆನ್ನಾಗಿ ಒದಗುತ್ತಿತ್ತು. ನಮ್ಮ ಸಾಹೇಬರು ಅದನ್ನು ಓದಿದರು. ಮುನ್ನುಡಿಯಿಂದ ಹಿಡಿದು ಕೊನೆಯ ತಪ್ಪೊಪ್ಪು ಪಟ್ಟಿಯವರೆಗೆ ಓದಿ, ತಪ್ಪೊಪ್ಪು ಪಟ್ಟಿಯಲ್ಲೇ ಎರಡು ತಪ್ಪು ಹುಡುಕಿ ದಿಲ್ಲಿಗೆ ಬರೆದರು. ಉತ್ತರ ಬರಲಿಲ್ಲ.

ಪುಸ್ತಕದ ಜೊತೆಗೆ ಒಂದು ನಮೂನೆಯೂ ಬಂದಿತ್ತು. ಯಾವ ಊರಿನ ನಕ್ಷೆ ಮಾಡಿದರೂ ಅದನ್ನು ತುಂಬಿ ಲಗತ್ತಿಸಬೇಕು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ನಮೂನೆ. ಹಿಮಪಾತದ ಪ್ರಮಾಣ ಎಂದು ಒಂದು ಕಾಲಂ, ಸಮುದ್ರ ತೀರದಿಂದ ಇರುವ ದೂರ ಎಂದು ಇನ್ನೊಂದು. ಉಳಿದವರು ಅಲ್ಲೆಲ್ಲ ಅಡ್ಡಗೆರೆ ಎಳೆದು ಬಿಡುತ್ತಿದ್ದರು. ಸಾಹೇಬರು ಎಳೆಯಲು ಬಿಡುತ್ತಿರಲಿಲ್ಲ.

"ಅಡ್ಡಗೆರಿ ಅಂದ್ರ ನಾವು ನೋಡಿಲ್ಲ ಅಂತ ಅರ್ಥ. ನೋಡಿ ಇಲ್ಲ ಅನ್ನೋದು ಬ್ಯಾರೆ, ನೋಡದನ ಇಲ್ಲ ಅನ್ನೋದು ಬ್ಯಾರೆ" ಎನ್ನುತ್ತಿದ್ದರು.

ಹಾಗಾಗಿ ಮಾನ್ವಿಯ ನಕ್ಷೆ ಹೋದಾಗ ಅದರ ಸಮುದ್ರದ ಕಾಲಮ್ಮಿನಲ್ಲಿ ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: ಖುದ್ದಾಗಿ ಪರಿಶೀಲಿಸಲಾಗಿ, ಸಮುದ್ರ ಕಂಡುಬಂದಿರುವುದಿಲ್ಲ. ತಮಾಷೆ ಇಷ್ಟಕ್ಕೇ ನಿಲ್ಲಲಿಲ್ಲ. ಮೇಲಿನ ಕಚೇರಿಯ ಯಾರೋ ಒಬ್ಬ ಪುಣ್ಯಾತ್ಮ, ಎಷ್ಟು ದೂರದವರೆಗೆ ಪರಿಶೀಲಿಸಲಾಯಿತೆಂದು ತಿಳಿಸಿರಿ ಎಂದು ಕೇಳಿ ಬರೆದ. ಸಾಹೇಬರು, ತುಂಗಭದ್ರೆಯವರೆಗೆ, ಎಂದು ಉತ್ತರಿಸಿದರು. ಅದು ಸುಳ್ಳಲ್ಲ. ಆ ಕಾಗದ ಬಂದ ವಾರವೇ ಜೀಪಿನಲ್ಲಿ ನಮ್ಮನ್ನು ಕರೆದುಕೊಂಡು ಹೊಳೆದಂಡೆಗೆ ಹೋಗಿ ನಿಂತು ನೋಡಿ ಬಂದಿದ್ದರು. ಇಡೀ ಜಿಲ್ಲೆಯ ಕಚೇರಿಗಳಲ್ಲಿ ಈ ಕಥೆ ಹೇಳಿಕೊಂಡು ಜನ ಚಹಾ ಕುಡಿದರು. ನಾನೂ ಹೇಳಿದ್ದೇನೆ, ಮನೆಯಲ್ಲಿ ಅವ್ವನಿಗೂ ಹೇಳಿ ನಗಿಸಿದ್ದೇನೆ.

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಹಿಡಿ ಅರಳೆ ಇರುತ್ತಿತ್ತು. ಗಾಳಿ ಮಿಲ್ಲಿನ ಕಡೆಯಿಂದ ಮನೆಗಳ ಕಡೆಗೆ ಬೀಸುವಂತಿರಕೂಡದೆಂದು ಪುಸ್ತಕ ಹೇಳುತ್ತದೆ, ಗಾಳಿ ಅಳೆಯುವ ಯಂತ್ರವನ್ನು ಮಾತ್ರ ಯಾರೂ ಕಳಿಸಿರಲಿಲ್ಲ. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಬೇಲಿಗೆ ಸಿಕ್ಕ ಅರಳೆಯನ್ನೇ ಕಿತ್ತುಕೊಂಡು ಬಂದು, ಜಾಗ ನೋಡಲು ಹೋದಾಗ ಚೂರು ಚೂರು ಗಾಳಿಗೆ ಬಿಟ್ಟು ಅದರ ಹಿಂದೆ ನಡೆಯುತ್ತಿದ್ದರು. ಒಮ್ಮೆ ಅಕ್ಕಿ ಮಿಲ್ಲಿನ ಅರ್ಜಿದಾರನೊಬ್ಬ ಅವರನ್ನು ಖುಷಿಪಡಿಸಲು ಎಳನೀರು ಗಿಳನೀರು ಎಂದು ಹಿಂದೆ ಹಿಂದೆ ಓಡುತ್ತಿದ್ದ. ಬಿಟ್ಟ ಅರಳೆ ಹೋಗಿ ಹೋಗಿ ಅವನದೇ ಮನೆಯ ಮಾಳಿಗೆಯ ಮೇಲೆ ಕೂತಿತು. ಅರ್ಜಿದಾರರ ಕುಟುಂಬದ ಆರೋಗ್ಯದ ದೃಷ್ಟಿಯಿಂದ ಇಜಾಜತ್ ನಿರಾಕರಿಸಲಾಗಿದೆ ಎಂದು ಬರೆದರು. ಪರವಾನಗಿಗೆ ಅವರು ಕೊನೆಯವರೆಗೂ ಇಜಾಜತ್ ಎಂದೇ ಅನ್ನುತ್ತಿದ್ದರು.

ಎಲ್ಲರಿಗೂ ನೀವು ಎನ್ನುವುದು ಅವರ ಇನ್ನೊಂದು ಅಭ್ಯಾಸ. ಜವಾನನಿಗೆ, ಚಹಾದವನಿಗೆ, ನನಗೆ, ಎಲ್ಲರಿಗೂ. ನನ್ನ ಜೀವನದಲ್ಲಿ ನನಗೆ ನೀವು ಎಂದ ಮೊದಲ ಮನುಷ್ಯ ಅವರು. ಮೊದಲ ದಿನ ನನ್ನ ಹಿಂದೆ ಬೇರೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದ್ದೆ.

ಅವರ ಪುಸ್ತಕಪ್ರೇಮದಲ್ಲಿ ನಮಗೆ ಅತ್ಯಂತ ಬೇಸರ ತರಿಸುತ್ತಿದ್ದದ್ದು ಆಕ್ಷೇಪಣೆಯ ಅಧ್ಯಾಯ. ಕರಡು ನಕ್ಷೆಯನ್ನು ಆಯಾ ಊರಿನ ಕಚೇರಿಯ ಬೋರ್ಡಿಗೆ ತೂಗುಹಾಕಬೇಕು, ಗೊತ್ತುಮಾಡಿದ ಅವಧಿಯೊಳಗೆ ಯಾರಾದರೂ ಆಕ್ಷೇಪಿಸಿದರೆ ಕೇಳಬೇಕು, ಓದು ಬರಹ ಬಾರದವರು ಬಾಯಲ್ಲಿ ಹೇಳಿದರೂ ಅಧಿಕಾರಿ ಬರೆದುಕೊಳ್ಳಬೇಕು. ಅವಧಿ ಮುಗಿದ ಮೇಲೆ ಬ್ರಹ್ಮ ಬಂದು ಹೇಳಿದರೂ ನಡೆಯದು. ಉಳಿದ ಅಧಿಕಾರಿಗಳಿಗೆ ಈ ಅಧ್ಯಾಯದ ಕೊನೆಯ ಸಾಲು ಮಾತ್ರ ಇಷ್ಟ. ನಮ್ಮವರು ರಿಜಿಸ್ಟರ್ ಹಿಡಿದು ಕೂತು ಹೇಳಿದ್ದನ್ನೆಲ್ಲ ಬರೆದುಕೊಳ್ಳುವವರು. ಮಾನ್ವಿಯಲ್ಲಿ ಒಬ್ಬಳು ಮುದುಕಿ ನಕ್ಷೆಯ ವಿಷಯ ಬಿಟ್ಟು ತನ್ನ ಸೊಸೆಯ ಮೇಲೆ ಹೇಳಿದ್ದನ್ನೂ ಒಂದು ಪುಟ ಬರೆದು, ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಷರಾ ಹಾಕಿದ್ದರು.

ಇಷ್ಟು ಹೇಳಿದ ಮೇಲೆ ದೇವದುರ್ಗದ ನಕ್ಷೆಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಸುತ್ತುಬಳಸಿದೆ.

ಆ ಕೆಲಸ ಬಂದಾಗ ಜೀಪು ಕೆಟ್ಟು ನಿಂತಿತ್ತು. ಮೇಲಿನಿಂದ ತಂತಿಯ ಮೇಲೆ ತಂತಿ ಬರುತ್ತಿದ್ದವು. ಸಾಹೇಬರು ತಮ್ಮ ಸೇವೆಯಲ್ಲಿ ಒಂದೇ ಒಂದು ಸಲ, ನಿಜಾಮರ ಕಾಲದ ಹಳೆಯ ಸರ್ವೆ ಹಾಳೆಯನ್ನು ಎದುರಿಗೆ ಇಟ್ಟುಕೊಂಡು, ಕೂತಲ್ಲೇ ನಕ್ಷೆ ಮಾಡಿದರು. ಜೀಪು ಬಂದ ಕೂಡಲೇ ಹೋಗಿ ನೋಡಿ ಬರುವುದೆಂದುಕೊಂಡು, ಸ್ಥಳ ಪರಿಶೀಲನೆಯ ಕಾಲಮ್ಮಿನಲ್ಲಿ ಮುಂಚಿತವಾಗಿ ಆಗಿದೆ ಎಂದು ಬರೆದರು. ಜೀಪು ಬರಲಿಲ್ಲ. ಕರಡು ನಕ್ಷೆ ಬೋರ್ಡಿಗೆ ಏರಿತು. ಊರಿನ ಜನಸಂಖ್ಯೆಗೆ ಬೇಕಾದಷ್ಟು ಬಯಲು ಪುಸ್ತಕದ ಪ್ರಕಾರ ತೋರಿಸಲೇಬೇಕಿತ್ತು. ಹಳ್ಳದ ಪಕ್ಕ, ಹಳೆಯ ಹಾಳೆಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟಿದ್ದ ಒಂದು ಸರ್ವೆ ನಂಬರು ಅಳತೆಗೆ ಸರಿಯಾಗಿ ಒದಗಿತು.

ಆಕ್ಷೇಪಣೆಯ ಅವಧಿ ಮುಗಿಯಲು ನಾಲ್ಕು ದಿನ ಇರುವಾಗ, ಬಣ್ಣದ ಅಂತಿಮ ಪ್ರತಿ ಸಿದ್ಧಮಾಡಲು ನನಗೆ ಕೊಟ್ಟರು. ನಾನು ಹಳದಿ ಮುಗಿಸಿ, ನೀಲಿ ಮುಗಿಸಿ, ಹಸಿರಿಗೆ ಬಂದೆ. ಆ ನಂಬರಿನ ಗೆರೆಯೊಳಗೆ ಬ್ರಷ್ ಇಟ್ಟಾಗ ಪಕ್ಕದ ಹಳ್ಳದ ತಿರುವು ಕಣ್ಣಿಗೆ ಬಿತ್ತು. ತಿರುವಿನಲ್ಲಿ ಬಾವಿಯ ಗುರುತಿನ ಒಂದು ಸಣ್ಣ ವೃತ್ತ ಇತ್ತು. ಎಲ್ಲೋ ನೋಡಿದಂತಿದೆಯಲ್ಲ ಎನ್ನಿಸಿ ಕೈ ನಿಂತಿತು. ನಮಗೆ ಕೇರಿ ಅಂದರೆ ಕೇರಿ. ಅದಕ್ಕೊಂದು ನಂಬರು ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಸಾಹೇಬರು ಮೇಜಿನ ಆಚೆಯಿಂದ ನೋಡಿದರು. "ಯಾಕ್ರೀ ಟ್ರೇಸರ್, ಏನಾತು?"

"ಏನಿಲ್ರಿ" ಎಂದೆ.

ತಾತ್ಪೂರ್ತಿಕ ನೌಕರನಿಗೆ ಅನುಮಾನಗಳು ಇರಬಾರದು. ಬಣ್ಣ ಹಚ್ಚಿದೆ. ಒಂದು ಹನಿಯೂ ಗೆರೆ ದಾಟದಂತೆ ಹಚ್ಚಿದೆ, ಎತ್ತಿ ಹಿಡಿದು ನೋಡಿ ಸಂತೋಷವನ್ನೂ ಪಟ್ಟೆ.

ಎರಡು ತಿಂಗಳ ಮೇಲೆ ಊರಿಗೆ ಹೋದೆ. ನಮ್ಮ ಕೇರಿಗೆ ಆ ವರ್ಷ ಸರ್ಕಾರದ ಮನೆಗಳು ಮಂಜೂರಾಗಿದ್ದವು. ಜೋಪಡಿ ಕಿತ್ತು ಕಲ್ಲುಗೋಡೆ ಕಟ್ಟಿಕೊಡುವುದೆಂದು ಮಾತಾಗಿತ್ತು. ಅವ್ವ ಒಲೆ ಎಲ್ಲಿ, ಕಿಟಕಿ ಎಲ್ಲಿ ಎಂದು ಆಗಲೇ ಗೊತ್ತು ಮಾಡಿಕೊಂಡಿದ್ದಳು. ಹೋದರೆ ಎಲ್ಲರೂ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು.

"ಮನಿ ಕಟ್ಟಾಕ ಪರವಾನಗಿ ಕೊಡಂಗಿಲ್ಲಂತ" ಎಂದ ಅಪ್ಪ. "ಇಲ್ಲಿ ಗಾರ್ಡನ್ ಆಗತೈತಂತ. ನಕ್ಷಾದಾಗ ಹಸರು ಬಣ್ಣ ಹಚ್ಯಾರಂತ. ಈಗ ಇರೋ ಗುಡಿಸಲನ್ನೂ ಎಬ್ಬಸ್ತಾರಂತ."

"ಅದಕ್ಕ ತಕರಾರು ಮಾಡಾಕ ಟೈಮ್ ಇತ್ತಂತ, ಅದೂ ಮುಗದದಂತ" ಎಂದಳು ಅವ್ವ. "ನೀ ನಕ್ಷಾ ಆಪೀಸಿನಾಗ ಅದಿಯಲ್ಲ ಯಪ್ಪಾ, ಯಾವ ಮನಷ್ಯಾ ಬಣ್ಣ ಹಚ್ಯಾನ ಒಂಚೂರು ಕೇಳು. ಅವಗ ಮನಿ ಮಠ ಏನೂ ಇಲ್ಲೇನು?"

ನನ್ನ ಕೈಯ ಉಗುರಿನ ಸಂದಿಯಲ್ಲಿ ಆಗಲೂ ಬಣ್ಣ ಇದ್ದಿರಬೇಕು. ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತೆ. ಕೇಳುತ್ತೇನೆ ಎಂದೆ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು.

ಸೋಮವಾರ ಸಾಹೇಬರ ಮುಂದೆ ನಿಂತು ಹೇಳಿದೆ. ಹೇಳುವ ಮುಂಚೆ ಒಂದು ಉಪಾಯವನ್ನೂ ಹೊಂಚಿಕೊಂಡಿದ್ದೆ. ಟ್ರೇಸಿಂಗ್ ಬಟ್ಟೆಯ ಮೇಲೆ ತಪ್ಪಾದರೆ ಅರ್ಧ ಬ್ಲೇಡಿನಿಂದ ಹೆರೆದು ಅಳಿಸುವುದು ನಮ್ಮ ರೂಢಿ. "ಮೂಲ ಪ್ರತಿ ನಮ್ಮ ಹತ್ರನ ಅದ ಸಾಹೇಬ್ರ. ಬ್ಲೇಡ್ ಹಾಕಿ ತೆಗದಬಿಡ್ತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಫೈಲು ತರಿಸಿ, ನಮೂನೆ ತೆಗೆದು, ಸ್ಥಳ ಪರಿಶೀಲನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಮಾನ್ವಿದಾಗ ಸಮುದ್ರ ಇಲ್ಲ ಅಂತ ನೋಡಾಕ ಹೋಗಿದ್ನಿ" ಎಂದರು. "ದೇವದುರ್ಗದಾಗ ಮನಿ ಅದಾವೇನು ಅಂತ ನೋಡಾಕ ಹೋಗಲಿಲ್ಲ."

ಮರುದಿನ ಜೀಪಿಗೆ ಕಾಯದೆ ಬಸ್ಸಿನಲ್ಲಿ ಹೊರಟೆವು. ನನಗೆ ಸೀಟು ಸಿಕ್ಕಿತ್ತು, ಅವರು ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತೇ ಬಂದರು, ನಾನು ಎದ್ದರೂ ಕೂರಲಿಲ್ಲ. ಕೇರಿಗೆ ಬಂದು ಟೇಪಿನ ಒಂದು ತುದಿ ನನಗೆ ಕೊಟ್ಟು, ಒಂದೊಂದೇ ಗುಡಿಸಲನ್ನು ಅಳೆದು ಬರೆದುಕೊಂಡರು. ಜಗುಲಿ, ಕೋಳಿಗೂಡು, ಬೇವಿನ ಗಿಡ, ಯಾವುದನ್ನೂ ಬಿಡಲಿಲ್ಲ. ಎಬ್ಬಿಸಲು ಬಂದವರೆಂದು ತಿಳಿದು ಹೆಂಗಸರು ಮೊದಲು ಸೆರಗು ಬಿಗಿದು ನಿಂತಿದ್ದರು. ಇವರು ಪ್ರತಿ ಬಾಗಿಲಿಗೂ, "ಒಳಗ ಬರಲೇನ್ರಿ?" ಎಂದು ಕೇಳಿ ಒಪ್ಪಿಗೆ ಪಡೆದು ಒಳಗೆ ಬಾಗುತ್ತಿದ್ದುದನ್ನು ನೋಡಿ ಗೊಂದಲಕ್ಕೆ ಬಿದ್ದರು.

ನಮ್ಮ ಬಾಗಿಲಿಗೆ ಬಂದಾಗ ಕುಡಿಯುವ ನೀರಿನ ಕಾಲಂ ತುಂಬುವುದು ಉಳಿದಿತ್ತು.

"ನೀರು ಎಲ್ಲಿಂದ ತರ್ತೀರಿ?" ಎಂದು ಅವ್ವನನ್ನು ಕೇಳಿದರು.

"ಅಲ್ಲೇ ಬಾವಿ ಅದರೀ."

"ಕುಡಿಯಾಕ ಬರ್ತಾವೇನು?"

"ನಾವು ಕುಡಿಯಾಕತ್ತೀವಲ್ರಿ."

"ನೀವು ಕುಡಿಯೋದು ಖರೇ. ನಾನು ನೋಡೀನಿ ಅಂತ ಬರಿಬೇಕಲ್ರಿ. ಒಂದು ಚರಗಿ ಕೊಡ್ರಿ."

ಅವ್ವ ನನ್ನ ಕಡೆ ನೋಡಿದಳು. ನಮ್ಮ ಕೇರಿಗೆ ಬಂದ ಯಾವ ಅಧಿಕಾರಿಯೂ ನೀರು ಕೇಳಿದ್ದಿಲ್ಲ. ಹೆಚ್ಚಿನವರು ಹಳ್ಳದ ಆಚೆಯೇ ನಿಂತು ಮಾತಾಡಿ ಹೋಗುತ್ತಿದ್ದರು. ಅವಳು ಚರಗಿಯನ್ನು ಬೂದಿ ಹಾಕಿ ತಿಕ್ಕಿ, ಮತ್ತೆ ತಿಕ್ಕಿ, ತುಂಬಿ ತಂದಳು. ಸಾಹೇಬರು ಅಷ್ಟನ್ನೂ ಕುಡಿದರು. ಬಾಯಿ ಒರೆಸಿಕೊಂಡು ಬರೆದರು: ಕುಡಿಯುವ ನೀರು ಇದೆ. ಖುದ್ದಾಗಿ ಪರಿಶೀಲಿಸಲಾಗಿದೆ. ಉಪ್ಪು.

ಆ ಮೇಲಿನ ಒಂದು ವಾರ ನಮ್ಮ ಕಚೇರಿಯಲ್ಲಿ ನಡೆದದ್ದನ್ನು ಈಗಲೂ ಹೇಳಿದರೆ ಜನ ನಂಬುವುದಿಲ್ಲ. ಸಾಹೇಬರು ತಮಗೆ ತಾವೇ ಕಾರಣ ಕೇಳುವ ನೋಟೀಸು ಕೊಟ್ಟುಕೊಂಡರು. ಟೈಪು ಮಾಡಿಸಿ, ಸಹಿ ಹಾಕಿ, ಜವಾನನನ್ನು ಕರೆದು, ಮೇಜಿನ ಬಲಗಡೆಯಿಂದ ಎಡಗಡೆಗೆ ಮುಟ್ಟಿಸಲು ಹೇಳಿದರು. ಟಪಾಲು ಪುಸ್ತಕದಲ್ಲಿ ತಲುಪಿದೆ ಎಂದು ಸಹಿ ಮಾಡಿದರು. ಉತ್ತರಕ್ಕೆ ಮೂರು ದಿನದ ಗಡುವು ಇತ್ತು, ಮೂರು ದಿನವನ್ನೂ ತೆಗೆದುಕೊಂಡರು. ಉತ್ತರವನ್ನು ಅವರೇ ಕೈಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಗೋಪ್ಯ ಎಂದು ಬರೆದು, ಎಡಗಡೆಯಿಂದ ಬಲಗಡೆಗೆ ಕಳಿಸಿಕೊಂಡು, ಬಾಗಿಲು ಮುಚ್ಚಿಕೊಂಡು ಓದಿದರು. ಸಂಜೆ ಆದೇಶ ಹೊರಬಿತ್ತು: ಸದರಿ ಅಧಿಕಾರಿಯ ವಿವರಣೆ ಸಮಾಧಾನಕರವಾಗಿರುವುದಿಲ್ಲ. ಮುಂದಿನ ಕ್ರಮಕ್ಕಾಗಿ ಮೇಲಿನವರಿಗೆ ಸಲ್ಲಿಸಿದೆ.

ಟೈಪಿಸ್ಟಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ನಿಮ್ಮನ್ನ ನೀವ ಒಂದ್ ಸಲ ಮಾಫ್ ಮಾಡಿಕೊಳ್ಳಾಕ ಬರಂಗಿಲ್ಲೇನ್ರಿ? ಬಡ್ತಿ ಬರಾಕತ್ತದ ನಿಮಗ."

"ಬಡ್ತಿ ಬರ್ತದ. ಆದ್ರ ಮಾಫ್ ಮಾಡೋ ಅಧಿಕಾರ ನನಗ ಯಾರೂ ಕೊಟ್ಟಿಲ್ಲ" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನಿಂದ ಎರಡು ಕಾಗದ ಒಂದೇ ದಿನ ಬಂದವು. ಒಂದರಲ್ಲಿ ಸಾಹೇಬರ ಬಡ್ತಿಯನ್ನು ತಡೆಹಿಡಿದಿತ್ತು. ಇನ್ನೊಂದರಲ್ಲಿ, ಸಕಾಲದಲ್ಲಿ ಬಂದಿದ್ದ ಆಕ್ಷೇಪಣೆಯ ಮೇರೆಗೆ ದೇವದುರ್ಗದ ನಕ್ಷೆಯನ್ನು ಮರುಪರಿಶೀಲಿಸಲು ಅನುಮತಿ ಇತ್ತು.

ಸಕಾಲದಲ್ಲಿ ಬಂದ ಆಕ್ಷೇಪಣೆ ಯಾವುದು, ಯಾರದು, ಯಾರಿಗೂ ತಿಳಿಯಲಿಲ್ಲ. ಸಾಹೇಬರನ್ನು ಕೇಳಿದರೆ ಗೋಪ್ಯ ಎಂದರು. ಕೇರಿಯಲ್ಲಿ ಮಾತ್ರ ಒಂದಲ್ಲ ಮೂರು ಜನ, ಅರ್ಜಿ ಕೊಟ್ಟವನು ನಾನೇ ಎಂದು ಮುಂದೆ ಬಂದರು. ಒಬ್ಬನಿಗಂತೂ ಹೆಬ್ಬೆಟ್ಟು ಒತ್ತಿದ ದಿನ ಯಾವ ಅಂಗಿ ತೊಟ್ಟಿದ್ದನೆಂಬುದೂ ನೆನಪಿತ್ತು. ಇನ್ನೊಬ್ಬ ಅದನ್ನೇ ಹೇಳಿಕೊಂಡು ಚುನಾವಣೆಗೆ ನಿಂತು ಗೆದ್ದ.

ನಾನು ಆ ನಂಬರಿಗೆ ಹಳದಿ ಹಚ್ಚಿದೆ. ಪುಸ್ತಕ ಕೇಳುವ ಬಯಲನ್ನು ಮಾತ್ರ ಸಾಹೇಬರು ಒಂದು ಗಜವೂ ಕಡಿಮೆ ಮಾಡಲು ಒಪ್ಪಲಿಲ್ಲ. ಊರೆಲ್ಲ ಸುತ್ತಿ, ಮೇಲಧಿಕಾರಿಗಳು ಬಂದಾಗ ಇಳಿದುಕೊಳ್ಳುವ ಬಂಗಲೆಯ ವಿಶಾಲವಾದ ಹಿತ್ತಲಿಗೆ ಹಸಿರು ಹಾಕಿಸಿದರು. ಬಡ್ತಿಯ ಕಾಗದ ಆಮೇಲೆ ಯಾವತ್ತೂ ಬರಲಿಲ್ಲವೆಂಬುದಕ್ಕೂ ಈ ಹಿತ್ತಲಿಗೂ ಸಂಬಂಧವಿಲ್ಲವೆಂದು ಹೇಳಲು ನಾನು ಖುದ್ದಾಗಿ ಪರಿಶೀಲಿಸಿಲ್ಲ. ಎಂಬತ್ತರ ದಶಕದಲ್ಲಿ ಅವರು ಅದೇ ಕುರ್ಚಿಯಿಂದ ನಿವೃತ್ತರಾದರು.

ಹಳದಿ ಹಚ್ಚುತ್ತಿದ್ದ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತಿದ್ದರು. ಒಣಗುವವರೆಗೆ ನಿಂತಿದ್ದು, "ಮುಂದ ಎಂದಾದ್ರೂ ಬ್ರಷ್ ನಿಂತ್ರ, ಯಾಕ ನಿಂತದ ಅಂತ ಹೇಳ್ರಿ ಟ್ರೇಸರ್" ಎಂದಷ್ಟೇ ಹೇಳಿ ಹೋದರು. ಅವರು ಅದನ್ನು ನೆನಪಿಟ್ಟಿದ್ದಾರೆಂದು ಆಗ ಗೊತ್ತಾಯಿತು. ಬೈದಿದ್ದರೆ ಹಗುರಾಗುತ್ತಿತ್ತು.

ತಿಥಿ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಒಂದು ಲಕೋಟೆ ಕೊಟ್ಟರು. "ಇದು ನಿಮಗ ಮುಟ್ಟಬೇಕಂತ ಮ್ಯಾಲ ಬರದಾರ. ತಗೊಂಡೀನಿ ಅಂತ ಸಹಿ ಮಾಡಿಕೊಡ್ರಿ, ಇಲ್ಲಾಂದ್ರ ಅವರಿಗಿ ಸಮಾಧಾನ ಇರಂಗಿಲ್ಲ" ಎಂದರು. ಸಹಿ ಮಾಡಿಕೊಟ್ಟೆ. ಅರಗು ಒಡೆದಿದ್ದ ಹಳೆಯ ಲಕೋಟೆ, ಮೇಲೆ ಗೋಪ್ಯ ಎಂದಿತ್ತು, ಒಳಗೆ ಅವರು ತಮ್ಮ ನೋಟೀಸಿಗೆ ತಾವೇ ಬರೆದ ಉತ್ತರದ ಪ್ರತಿ ಇತ್ತು. ದೇವದುರ್ಗಕ್ಕೆ ತಂದು, ಕಲ್ಲುಗೋಡೆಯ ಮನೆಯಲ್ಲಿ, ಅವ್ವ ಇಟ್ಟುಕೊಂಡ ಕಿಟಕಿಯ ಹತ್ತಿರ ಕೂತು ಅವಳಿಗೆ ಓದಿ ಹೇಳಿದೆ.

ನೋಟೀಸಿನ ಮೊದಲ ಪ್ರಶ್ನೆ, ಸ್ಥಳ ಪರಿಶೀಲನೆ ಮಾಡದೆ ಮಾಡಿದ್ದಾಗಿ ಏಕೆ ಬರೆಯಲಾಯಿತು ಎಂದಿತ್ತು. ಕಾರಣವಿಲ್ಲ, ಎಂದು ಉತ್ತರ. ಎರಡನೆಯದು, ಸದರಿ ಜಾಗದ ಬಗ್ಗೆ ಅವಧಿಯೊಳಗೆ ಯಾರಾದರೂ ಆಕ್ಷೇಪಿಸಿದ್ದರೇ ಎಂದಿತ್ತು. ಅದರ ಕೆಳಗೆ ಆ ದುಂಡು ಅಕ್ಷರಗಳು ಹೀಗಿದ್ದವು: ಹೌದು. ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ಈ ಕಚೇರಿಯ ಟ್ರೇಸರ್, ಸದರಿ ಕೇರಿಯ ನಿವಾಸಿ, ಅಲ್ಲಿ ಮನೆಗಳಿವೆ ಎಂದು ನನ್ನ ಎದುರು ಬಾಯಿಮಾತಿನಲ್ಲಿ ಆಕ್ಷೇಪಿಸಿದರು. ಬರೆದುಕೊಳ್ಳಬೇಕಾದದ್ದು ನನ್ನ ಕೆಲಸ. ನಾನು ಬರೆದುಕೊಳ್ಳಲಿಲ್ಲ.

ಅವ್ವ ಇನ್ನೊಮ್ಮೆ ಓದು ಎಂದಳು. ಓದಿದೆ.

"ನೀ ಹಂಗ ಅಂದಿದ್ದೇನು?"

"ಇಲ್ಲವ್ವ. ಏನಿಲ್ರಿ ಅಂದು ನಾನ ಬಣ್ಣ ಹಚ್ಚಿದ್ದೆ."

ಬಣ್ಣ ಹಚ್ಚಿದವನು ಯಾರೆಂದು ಅವಳಿಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ನಾನು ಹೇಳಿರಲಿಲ್ಲ. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಸಮುದ್ರ ಇಲ್ಲಂತ ಬರಿಯಾಕ ಹೊಳಿತನಕ ಹೋಗಿ ಬಂದ ಮನಷ್ಯಾರು" ಎಂದಳು. "ಅವರು ಸುಳ್ಳ ಯಾಕ ಬರದಾರು? ನೀ ಅನ್ನಬೇಕಾಗಿತ್ತು. ಅದನ್ನ ಬರದಾರ."

ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, ನೀರು ತರಲು ಬಾವಿಯ ಕಡೆ ಹೋದಳು.